ಗಿಣಿಮೂತಿ ಚಾಕು

ನನ್ನ ಅರ್ಧ ನೌಕರಿ ಹಗ್ಗ ಬಿಗಿಯುವುದರಲ್ಲಿ, ಬಿಚ್ಚುವುದರಲ್ಲಿಯೇ ಮುಗಿಯಿತು. ಉಳಿದರ್ಧ ಬ್ಯಾಂಕಿನ ಕೌಂಟರಿನ ಹಿಂದೆ ಕಳೆಯಿತು ಅನ್ನಿ. ನೀವೂ ವರ್ಗಾವಣೆಯ ನೌಕರಿ ಮಾಡಿದವರಾದರೆ ನಿಮಗೆ ಇದು ಗೊತ್ತಿರುತ್ತದೆ: ಸಾಮಾನು ಬಿಚ್ಚುವಾಗ ಬೇಕಾದ ಕತ್ತರಿ ಯಾವಾಗಲೂ ಹಗ್ಗ ಕಟ್ಟಿದ ಪೆಟ್ಟಿಗೆಯೊಂದರ ಒಳಗೇ ಇರುತ್ತದೆ. ಅದನ್ನು ಹೊರಗೆ ತೆಗೆಯಬೇಕಾದರೆ ಮೊದಲು ಕತ್ತರಿ ಬೇಕು. ಇದಕ್ಕೆ ಯಾವ ಪ್ರಧಾನ ಕಚೇರಿಯೂ ಇನ್ನೂ ಪರಿಹಾರ ಸೂಚಿಸಿಲ್ಲ.

ಇವತ್ತು ಬೆಳಿಗ್ಗೆಯೂ ಹಾಗೇ ಆಯಿತು. ಹಳೆಯ ಪತ್ರಿಕೆಗಳ ಕಟ್ಟನ್ನು ಬಿಚ್ಚಲು ಕತ್ತರಿ ಹುಡುಕಿ ಸಾಕಾಗಿ ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಕುಳಿತೆ. ಎದುರಿಗೆ ಮೊಳೆಯಲ್ಲಿ ಅವ್ವನ ಗಿಣಿಮೂತಿ ಚಾಕು ತೂಗುತ್ತಿತ್ತು. ಎದ್ದು ತೆಗೆದುಕೊಳ್ಳಬಹುದಿತ್ತು, ಆದರೆ ಅದರಿಂದ ನನಗೆ ಹಗ್ಗ ಕೊಯ್ಯಲು ಬರುವುದಿಲ್ಲ. ನಿವೃತ್ತಿ ಹತ್ತಿರ ಬಂದವನಿಗೆ ಸುಮ್ಮನೆ ಕೂರುವುದಕ್ಕೆ ಅಷ್ಟು ನೆಪ ಸಾಕು. ಅದನ್ನೇ ನೋಡುತ್ತ ಕುಳಿತೆ.

ಅದರ ರೂಪ ಹೇಳುತ್ತೇನೆ, ನೀವೂ ಊಹಿಸಿ ನೋಡಿ. ನಾಲ್ಕು ಬೆರಳಗಲದ ಅಲಗು, ಮೊನೆ ಒಳಕ್ಕೆ ಬಾಗಿ ಗಿಣಿಯ ಕೊಕ್ಕಿನ ಹಾಗಿದೆ. ಮಸೆದದ್ದು ಒಂದೇ ಮಗ್ಗುಲು. ಜಾಲಿ ಕಟ್ಟಿಗೆಯ ಹಿಡಿ. ಆ ಹಿಡಿಯ ಒಂದು ಪಕ್ಕದಲ್ಲಿ ಬೆರಳೊಂದು ಕೂರುವಷ್ಟು ತಗ್ಗು ತೋಡಿದ್ದಾರೆ, ಹಿಡಿದರೆ ಆ ತಗ್ಗು ಎಲ್ಲಿರಬೇಕೋ ಅಲ್ಲಿರದೆ ಅಂಗೈಗೆ ಒತ್ತುತ್ತದೆ. ಹಿಡಿಯ ತುದಿಗೆ ಒಂದು ಕಬ್ಬಿಣದ ಉಂಗುರ. ಅಂಗಡಿಯ ಸಾಮಾನಲ್ಲ, ಯಾರೋ ಕುಲುಮೆಯಲ್ಲಿ ಕೈಯಾರೆ ಬಡಿದು ಮಾಡಿದ್ದು. ಯಾತಕ್ಕೆ ಮಾಡಿದರು ಎಂಬುದು ನಮ್ಮ ಮನೆಗೆ ಬಂದವರಿಗೆಲ್ಲ ವರ್ಷಗಟ್ಟಲೆ ಕೆಲಸ ಕೊಟ್ಟ ಪ್ರಶ್ನೆ.

ಗದಗಿನ ನಮ್ಮ ಮನೆಯಲ್ಲಿ ಅದು ಅಡುಗೆಮನೆಯ ಬಾಗಿಲ ಹಿಂದೆ ಇರುತ್ತಿತ್ತು. ಅವ್ವ ಅದನ್ನು ಬಳಸಿದ್ದನ್ನು ನಾನು ನೋಡಿರಲಿಲ್ಲ. ಕಾಯಿಪಲ್ಲೆಗೆ ಈಳಿಗೆ ಇತ್ತು, ಉಳಿದದ್ದಕ್ಕೆ ಅಪ್ಪನ ಮಡಚುವ ಚಾಕು ಇತ್ತು. ಒಮ್ಮೆ ನಾನು ಕದ್ದು ಅದನ್ನು ತೆಗೆದುಕೊಂಡು ಪೇರಲಹಣ್ಣು ಕೊಯ್ಯಲು ಹೋಗಿ, ಹಣ್ಣು ಬಿಟ್ಟು ಹೆಬ್ಬೆರಳು ಕೊಯ್ದುಕೊಂಡೆ. ಅವ್ವ ಗಾಯಕ್ಕೆ ಅರಿಶಿನ ಒತ್ತುತ್ತ, "ಅದು ನಿನ್ನ ಕೈಯಾಗ ಬರಂಗಿಲ್ಲ, ಮುಟ್ಟಬ್ಯಾಡ" ಅಂದಳು. ಹಾಗಾದರೆ ಯಾರ ಕೈಯಲ್ಲಿ ಬರುತ್ತದೆ ಎಂದು ನಾನು ಕೇಳಬೇಕಿತ್ತು. ಆಗ ನನಗೆ ಅಳುವ ಕೆಲಸವಿತ್ತು.

ಅವ್ವನ ಕೈಗೆಲಸದ ಬಗ್ಗೆಯೂ ಒಂದು ಮಾತು ಹೇಳಬೇಕು. ನಮ್ಮ ಬಂಧುಬಳಗದಲ್ಲಿ ಆಕೆ ಮಂದ ಕೈಯವಳೆಂದೇ ಹೆಸರಾದವಳು. ಆಕೆ ಬಡಿದ ರೊಟ್ಟಿ ಒಂದು ಅಂಚಿಗೆ ದಪ್ಪ, ಇನ್ನೊಂದು ಅಂಚಿಗೆ ಹರಿದಿರುತ್ತಿತ್ತು. ಅಂಗಳದಲ್ಲಿ ಎಳೆದ ರಂಗೋಲಿ ಗೆರೆ ನಡುಗುತ್ತಿತ್ತು. ಮದುವೆಮನೆಗಳಲ್ಲಿ ಆಕೆಯನ್ನು ಬಡಿಸಲು ಯಾರೂ ಕರೆಯುತ್ತಿರಲಿಲ್ಲ, ಸಾರು ಎಲೆಯ ಮೇಲಲ್ಲದೆ ಪಂಚೆಯ ಮೇಲೂ ಬೀಳುತ್ತಿತ್ತು. ಆಕೆಯ ರೊಟ್ಟಿಯನ್ನು ನಾವು ಮಕ್ಕಳು ಭೂಪಟ ಎಂದು ಕರೆದು ನಗುತ್ತಿದ್ದೆವು, ಆಕೆಯೂ ನಗುತ್ತಿದ್ದಳು. ಊಟಕ್ಕೆ ಕೂತಾಗ ಕೊಂಚ ಬಲಕ್ಕೆ ವಾಲಿ, ಸೆರಗು ಹೊದ್ದು ಕೂರುವುದು ಆಕೆಯ ರೂಢಿ. ಸೊಂಟ ಹಿಡಿದಿದೆಯೆಂದು ತಿಳಿದು ನಾನು ನೌಕರಿಗೆ ಸೇರಿದ ಮೇಲೆ ಬಗೆಬಗೆಯ ಎಣ್ಣೆ ತಂದುಕೊಟ್ಟೆ. ಆಕೆ ಬೇಡವೆನ್ನದೆ ಎಲ್ಲವನ್ನೂ ಹಚ್ಚಿಕೊಂಡಳು. ವಾಲುವುದು ಮಾತ್ರ ತಪ್ಪಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಅವ್ವ ನಮ್ಮ ಜೊತೆಗೇ ಬಂದಳು. ಅವಳ ಟ್ರಂಕಿನೊಳಗೆ ಚಾಕುವೂ ಬಂತು. ಆಗ ನನಗೆ ನಾಸಿಕಕ್ಕೆ ವರ್ಗವಾಗಿತ್ತು, ಮನೆ ಸಿಕ್ಕದ್ದು ಸೈನ್ಯದ ತೋಪುಖಾನೆಯಿರುವ ದೇವಳಾಲಿ ಕ್ಯಾಂಪಿನಲ್ಲಿ. ಬೆಳಗಾದರೆ ದೂರದಲ್ಲಿ ತೋಪು ಹಾರಿಸುವ ಅಭ್ಯಾಸ. ಅಲಮಾರಿಯ ಗಾಜು ಗಡಗಡ ಅನ್ನುವಾಗ ಅವ್ವ, "ಇವರಿಗೆ ಬ್ಯಾರೆ ಉದ್ಯೋಗ ಇಲ್ಲೇನೋ?" ಎಂದು ದಿನವೂ ಕೇಳುತ್ತಿದ್ದಳು. ನಮ್ಮ ಮಗಳು ಪಲ್ಲವಿ ಹುಟ್ಟಿದ್ದು ಅಲ್ಲೇ. ಕೂಸಿನ ತೊಟ್ಟಿಲ ಹಾಸಿಗೆಯ ಕೆಳಗೆ ಕಬ್ಬಿಣ ಇಡಬೇಕಲ್ಲ, ದೃಷ್ಟಿಯಾಗದಿರಲಿ ಎಂದು, ಅವ್ವ ಅಲ್ಲಿಗೆ ಈ ಚಾಕುವನ್ನೇ ಇಟ್ಟಳು. ಇಷ್ಟು ವರ್ಷಕ್ಕೆ ಅದಕ್ಕೊಂದು ಕೆಲಸ ಸಿಕ್ಕಿತಲ್ಲ ಎಂದುಕೊಂಡೆ.

ನನ್ನ ಹೆಂಡತಿ ಸುಮಂಗಲಾ ಮಾತ್ರ ಬಿಡುವವಳಲ್ಲ. ಉಪಯೋಗ ಹೇಳಲು ಬಾರದ ಸಾಮಾನು ಗುಜರಿಗೆ ಹೋಗಬೇಕು, ಅದು ಅವಳ ಕಾನೂನು. ಪ್ರತಿ ವರ್ಷ ದೀಪಾವಳಿಯ ಸ್ವಚ್ಛತೆಯಲ್ಲಿ ಅವಳು ಚಾಕುವನ್ನು ಗುಜರಿಯ ರಾಶಿಗೆ ಹಾಕುತ್ತಿದ್ದಳು. ಸಂಜೆಯೊಳಗೆ ಅದು ಮೊಳೆಗೆ ಮರಳಿರುತ್ತಿತ್ತು.

"ಅತ್ತೀ, ಇದು ಏನಕ್ಕ ಬರ್ತೈತಿ ಅಂತರ ಹೇಳ್ರಿ" ಎಂದು ಅವಳು ಕೇಳಿದರೆ, ಅವ್ವ, "ನನಗೇನ್ ಗೊತ್ತವಾ, ಹಳೇ ಕಬ್ಬಿಣ. ಮನ್ಯಾಗ ಇದ್ರ ಛಲೋ" ಎಂದು ಬೇರೆ ಮಾತು ತೆಗೆಯುತ್ತಿದ್ದಳು.

ಆಗ ನಾನು ಗೊತ್ತಿದ್ದವರನ್ನು ಕೇಳಲು ಹೊರಟೆ. ನಾಸಿಕ್ ರೋಡಿನಲ್ಲಿ ಕುಂದಾಪುರದ ಕಡೆಯ ಶೆಟ್ಟರೊಬ್ಬರ ಹೋಟೆಲಿತ್ತು. ಕನ್ನಡ ಮಾತಾಡುವ ಆಸೆಗೆ ಭಾನುವಾರ ಅಲ್ಲಿ ಹೋಗಿ ಕೂರುತ್ತಿದ್ದೆ. ಅವರದು ಒಂದು ಕನ್ನಡ, ನನ್ನದು ಒಂದು ಕನ್ನಡ. ಅರ್ಧ ಮಾತು ತಿಳಿಯದಿದ್ದರೂ ಇಬ್ಬರಿಗೂ ಹಿತವಾಗುತ್ತಿತ್ತು.

"ಇದೆಂತ ಮಾರಾಯ್ರೆ, ಕತ್ತಿಯೋ ಕೊಕ್ಕೆಯೋ?" ಎಂದು ಶೆಟ್ಟರು ತಿರುಗಿಸಿ ನೋಡಿದರು. "ಹಲಸಿನಹಣ್ಣಿನ ಗೂಂಜು ತೆಗೀಲಿಕ್ಕೆ ಮಾಡಿದ್ದು. ನಾ ಹೇಳ್ತೆ ಕೇಳಿ."

ಗೂಂಜು ಎಂದರೆ ಹಣ್ಣಿನ ನಡುವಿನ ದಿಂಡಂತೆ. ಗದಗಿನಲ್ಲಿ ಹಲಸಿನ ಮರ ಎಲ್ಲಿದೆ ಎಂದು ನಾನು ಕೇಳುವಷ್ಟರಲ್ಲಿ ಅವರು ಒಳಗೆ ಹೋಗಿ ಒಂದು ಕುಂಬಳಕಾಯಿಯ ಮೇಲೆ ಪರೀಕ್ಷೆ ಮಾಡಿಯೇಬಿಟ್ಟರು. ಚಾಕು ಕುಂಬಳಕಾಯಿಯ ಮೇಲಿಂದ ಜಾರಿ ಅವರ ಲುಂಗಿಗೆ ಬಂತು. ಪುಣ್ಯಕ್ಕೆ ಬಟ್ಟೆಯಷ್ಟೇ ಹರಿಯಿತು. "ಕಬ್ಬಿಣ ಒಳ್ಳೆದುಂಟು ಸಾರ್, ಮಾಡಿದವನಿಗೆ ತಲೆ ಸಮ ಇಲ್ಲ" ಎಂದು ತೀರ್ಪು ಕೊಟ್ಟು ಅವರು ಚಹಾ ತರಿಸಿದರು.

ನಮ್ಮ ಮಹಡಿಯ ಮೇಲೆ ಫೌಜಿನಿಂದ ನಿವೃತ್ತರಾದ ಸುಭೇದಾರರಿದ್ದರು. ಅವರು ಚಾಕು ನೋಡಿದ ಕ್ಷಣವೇ, "ಖಚ್ಚರ್ ಕೇ ಖುರ್ ಕಾ ಚಾಕೂ ಹೈ, ಸಾಬ್" ಅಂದರು. ಅವರು ಬೆಟ್ಟದ ಮೇಲೆ ತೋಪು ಹೊರುವ ಹೇಸರಗತ್ತೆಗಳ ಜೊತೆ ನೌಕರಿ ಮಾಡಿದವರು. ಗೊರಸಿನಲ್ಲಿ ಕಲ್ಲು ಸಿಕ್ಕರೆ ತೆಗೆಯಲು ಇಂಥದೇ ಕೊಕ್ಕೆ ಇರುತ್ತಿತ್ತಂತೆ. ಆ ವಾರವೆಲ್ಲ ನಾನು ನಮ್ಮ ಮನೆತನದಲ್ಲಿ ಹೇಸರಗತ್ತೆ ಸಾಕಿದ್ದವರು ಯಾರಿರಬಹುದೆಂದು ಯೋಚಿಸಿದೆ. ಮುತ್ತಜ್ಜ ಯಾವುದೋ ದಂಡಿನಲ್ಲಿದ್ದಿರಬೇಕೆಂದು ಕಥೆ ಕಟ್ಟಿ ಸಹೋದ್ಯೋಗಿಗಳಿಗೂ ಹೇಳಿದೆ. ಅವ್ವ ಕೇಳಿ, "ನಿಮ್ಮ ಮುತ್ತಜ್ಜ ಎಮ್ಮಿಗೆ ಅಂಜತಿದ್ದ" ಎಂದಷ್ಟೇ ಹೇಳಿದಳು.

ಕೊನೆಗೆ ದ್ರಾಕ್ಷಿ ತೋಟದ ಪಾಟೀಲರೊಬ್ಬರು ಮನೆಗೆ ಬಂದರು, ನಮ್ಮ ಶಾಖೆಯ ಗಿರಾಕಿ. ದ್ರಾಕ್ಷಿ ಬಳ್ಳಿ ಸವರುವ ಹಳೆಯ ಕಾಲದ ಚಾಕುವಿರಬಹುದೆಂದು ಆಸೆಯಿಂದ ಹಿಡಿದರು. ಮುಂಗೈ ತಿರುಚಿ, ಮೊಣಕೈ ಎತ್ತಿ, ಗಾಳಿಯಲ್ಲಿ ಏನೇನೋ ಮಾಡಿ ನೋಡಿ ಟೀಪಾಯಿಯ ಮೇಲಿಟ್ಟರು. "ಸಾಹೇಬ್, ಹೇ ಉಲ್ಟಂ ಕೇಲಂಯ" ಅಂದರು. ಉಲ್ಟಾ ಮಾಡಿದ್ದಾರಂತೆ. ಮಾಡಿದವನು ಆ ದಿನ ಕುಡಿದಿದ್ದನೇನೋ ಎಂದು ನಾನೂ ನಕ್ಕೆ.

ಒಳಗಿನಿಂದ ಅವ್ವ ಬಾಗಿಲಿಗೆ ಬಂದಳು. ಹೊರಗಿನವರ ಎದುರಿಗೆ ಮಾತಾಡುವವಳಲ್ಲ ಆಕೆ. "ಕುಡದಿದ್ದಿಲ್ಲ ಅಂವ. ಭಾಳ ಛಲೋ ಕಂಬಾರ" ಎಂದು ನನ್ನನ್ನು ನೋಡಿ ಹೇಳಿ ಒಳಗೆ ಹೋದಳು. ಪಾಟೀಲರಿಗೆ ಕನ್ನಡ ತಿಳಿಯದು, ನನಗೆ ಅವ್ವ ತಿಳಿಯಲಿಲ್ಲ. ಚಹಾ ಆರುತ್ತಿತ್ತು, ಮಾತು ಮಳೆಯ ಕಡೆಗೆ ಹೊರಳಿತು.

ಇಷ್ಟರಲ್ಲಿ ಮನೆಯೊಳಗೆ ಬೇರೊಂದು ಜಗಳ ಬೆಳೆಯುತ್ತಿತ್ತು. ಪಲ್ಲವಿ ಎಡಚಿ. ಪೆನ್ಸಿಲ್ ಹಿಡಿಯುವುದು, ಚೆಂಡು ಒಗೆಯುವುದು, ತಲೆ ಬಾಚುವುದು, ಎಲ್ಲ ಎಡಗೈಯಲ್ಲಿ. ಶಾಲೆಯಲ್ಲಿ ಯಾರೂ ಏನೂ ಅನ್ನಲಿಲ್ಲ. ಅವ್ವನಿಗೆ ಮಾತ್ರ ಅದನ್ನು ಕಂಡರೆ ಎಲ್ಲಿಲ್ಲದ ಭಯ. ಬರೆಯುವುದನ್ನು ಹೇಗೋ ಸಹಿಸಿದಳು. ಊಟದ ತಾಟಿಗೆ ಎಡಗೈ ಹೋದರೆ ಮಾತ್ರ ಸಹಿಸಲಿಲ್ಲ.

"ಕೈ ತೊಡಿ ಕೆಳಗ ಇಟ್ಕೋ. ಅದರ ಮ್ಯಾಲೆ ಕೂಡು" ಎನ್ನುತ್ತಿದ್ದಳು. ಹುಡುಗಿ ತನ್ನ ಎಡಗೈಯ ಮೇಲೆ ತಾನೇ ಕೂತು ಉಣ್ಣಬೇಕು. ಬಲಗೈಯಲ್ಲಿ ಅನ್ನ ಕಲಸಲು ಬಾರದೆ ಅರ್ಧ ನೆಲಕ್ಕೆ ಚೆಲ್ಲುತ್ತಿದ್ದಳು. "ಅಜ್ಜೀ, ದುಖತಂಯ" ಎಂದು ಮರಾಠಿಯಲ್ಲಿ ಅತ್ತರೆ, ಅವ್ವ, "ನೋಯ್ಲಿ, ರೂಢಿ ಆಗ್ತೈತಿ" ಎನ್ನುತ್ತಿದ್ದಳು. ಪಲ್ಲವಿಗೆ ಕನ್ನಡ ತಿಳಿಯುತ್ತದೆ, ಮಾತು ಮರಾಠಿಯಲ್ಲೇ ಬರುತ್ತದೆ. ಹೀಗೆ ಎರಡು ಭಾಷೆಯಲ್ಲಿ ನಮ್ಮ ಮನೆಯಲ್ಲಿ ದಿನಕ್ಕೆರಡು ಸಲ ಜಗಳವಾಗುತ್ತಿತ್ತು.

ಹುಡುಗಿ ಊಟ ಬಿಟ್ಟು ಏಳತೊಡಗಿದಾಗ ಸುಮಂಗಲಾಳ ತಾಳ್ಮೆ ತಪ್ಪಿತು. "ರೀ, ನಿಮ್ಮವ್ವಗ ನೀವ ಹೇಳ್ರಿ. ಕೂಸು ಸೊರಗಾಕತ್ತೈತಿ. ಯಾವ ಕಾಲದಾಗ ಅದೀವಿ ನಾವು?" ನಾನು ಅವ್ವನಿಗೆ ಹೇಳಿದೆ. ಅವ್ವ, "ನಿನಗ ತಿಳಿಯಂಗಿಲ್ಲ ಸುಮ್ನಿರು" ಅಂದಳು. ದಿನವೆಲ್ಲ ಗಿರಾಕಿಗಳ ತಕರಾರು ಕೇಳಿ ಮನೆಗೆ ಬಂದವನಿಗೆ ಸುಮ್ಮನಿರು ಎಂಬ ಮಾತು ಎಷ್ಟು ಇಷ್ಟವಾಗುತ್ತದೆಂದು ನಿಮಗೆ ಬೇರೆ ಹೇಳಬೇಕಿಲ್ಲ. ಸುಮ್ಮನಿದ್ದೆ.

ಆಮೇಲೆ ವರ್ಗಾವಣೆಯ ಆದೇಶ ಬಂತು: ಔರಂಗಾಬಾದ್, ಶೇಂದ್ರಾದ ಕಾರ್ಖಾನೆಗಳ ನಡುವಿನ ಶಾಖೆ. ಅರ್ಧ ಮಂದಿ ಸಂಭಾಜಿನಗರ ಎನ್ನುವ, ಅರ್ಧ ಮಂದಿ ಔರಂಗಾಬಾದ್ ಎನ್ನುವ ಈ ಊರು. ಸುಮಂಗಲಾ ಆಗಲೇ ನಿರ್ಧಾರ ಹೇಳಿದಳು. ಅತ್ತೆ ನಮ್ಮ ಜೊತೆ ಬರಲಿ, ಮನೆ ಹೊಂದಿಸುವವರೆಗೆ ಇರಲಿ, ಆಮೇಲೆ ಹುಬ್ಬಳ್ಳಿಗೆ ಹಿರಿಯ ಮಗನ ಮನೆಗೆ ಹೋಗಲಿ. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಬೇಡವೆನ್ನಲು ನನ್ನ ಬಳಿ ಕಾರಣವಿರಲಿಲ್ಲ. ಅಣ್ಣನ ಮನೆಯಲ್ಲಿ ಎಲ್ಲರೂ ನೌಕರಿಗೆ ಹೋಗುವವರು, ಅವ್ವ ಅಲ್ಲಿ ಹೋದರೆ ಬಾಗಿಲು ನೋಡುತ್ತ ಕೂರಬೇಕು. ಇಲ್ಲಿ ಎಷ್ಟು ಜಗಳವಾದರೂ ಪಲ್ಲವಿ ಮಲಗುವುದು ಅಜ್ಜಿಯ ಸೆರಗು ಹಿಡಿದೇ. ಇದೆಲ್ಲ ಗೊತ್ತಿದ್ದೂ ಅವ್ವ, "ಆತು" ಎಂದು ತನ್ನ ಟ್ರಂಕಿಗೆ ತಾನೇ ಹಗ್ಗ ಬಿಗಿದಳು. ಔರಂಗಾಬಾದಿನಲ್ಲಿ ಬಿಚ್ಚಬಾರದು, ಹಾಗೇ ಹುಬ್ಬಳ್ಳಿಗೆ ಹೋಗಬೇಕು ಎಂದು ಬೇರೆ ಹೇಳಿದಳು. ನನಗೆ ಬಹಳ ಕೆಟ್ಟೆನಿಸಿತು, ಏನೂ ಮಾಡಲು ತೋಚಲಿಲ್ಲ.

ಔರಂಗಾಬಾದಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಕಂಡಕ್ಟರನೊಬ್ಬ "ಕನ್ನಡ, ಕನ್ನಡ, ಕನ್ನಡ" ಎಂದು ಕೂಗುತ್ತಿದ್ದ. ಹತ್ತಿರದಲ್ಲಿ ಆ ಹೆಸರಿನ ತಾಲೂಕಿನ ಊರಿದೆ, ಅಲ್ಲಿಗೆ ಹೋಗುವ ಬಸ್ಸು. ಅವ್ವ ಮುಖ ಅರಳಿಸಿ, "ಇಲ್ಲೆ ನಮ್ಮ ಮಂದಿ ಅದಾರೇನೋ?" ಅಂದಳು. ಊರಿನ ಹೆಸರೆಂದು ತಿಳಿಸಿದೆ. "ಹೌದಾ" ಎಂದು ಬಾಡಿದ ಮುಖದಲ್ಲಿ ಕೈಚೀಲ ಎತ್ತಿಕೊಂಡಳು. ಆ ಮುಖ ನೋಡಿ ಆ ಬಸ್ಸನ್ನೇ ಹತ್ತಿಬಿಡೋಣವೆನಿಸಿತು ನನಗೆ.

ಹೊಸ ಮನೆಗೆ ಸೇರುವ ಹೊತ್ತಿಗೆ ಮಧ್ಯಾಹ್ನ. ಕರೆಂಟಿಲ್ಲ. ಟ್ರಕ್ಕಿನವರು ಸಾಮಾನನ್ನು ನಡುಮನೆಯಲ್ಲಿ ಒಟ್ಟಿ ಹೋಗಿದ್ದರು. ನೀರಿನ ಕೊಡ ಒಂದು ಪೆಟ್ಟಿಗೆಯೊಳಗೆ, ತಾಟು ಲೋಟ ಇನ್ನೊಂದರೊಳಗೆ, ಎಲ್ಲದಕ್ಕೂ ಸೆಣಬಿನ ಹಗ್ಗದ ಗಂಟು. ಕತ್ತರಿ ಎಲ್ಲಿದೆಯೆಂದು ನೀವು ಊಹಿಸಿರುತ್ತೀರಿ. ನಾನು ಹಲ್ಲಿನಿಂದಲೂ ಪ್ರಯತ್ನಿಸಿ ಗೋಡೆಗೊರಗಿ ಕುಳಿತೆ. ಅವ್ವ ತನ್ನ ಎಲೆಯಡಿಕೆಯ ಕೈಚೀಲದಲ್ಲಿ ಕೈಯಾಡಿಸಿ ಗಿಣಿಮೂತಿ ಚಾಕುವನ್ನು ತೆಗೆದು ನನ್ನ ಮುಂದಿಟ್ಟಳು.

"ಇದು ಇನ್ನೂ ಐತೇನ್ರಿ!" ಎಂದು ಸುಮಂಗಲಾ ತಲೆಗೆ ಕೈಹಚ್ಚಿದಳು.

ನಾನು ಹಗ್ಗಕ್ಕೆ ಕೊಕ್ಕೆ ಸಿಗಿಸಿ ಎಳೆದೆ. ಅದು ಶೆಟ್ಟರ ಕುಂಬಳಕಾಯಿಯ ಮೇಲೆ ಜಾರಿದ ಹಾಗೇ ಜಾರಿತು. ಇನ್ನೊಮ್ಮೆ ಎಳೆದೆ, ಹಿಡಿಯ ತಗ್ಗು ಅಂಗೈಗೆ ಒತ್ತಿ ಕೆಂಪಾಯಿತು. ಚಾಕುವನ್ನು ನೆಲಕ್ಕಿಟ್ಟು, ಆದದ್ದಾಗಲಿ ಎಂದು ಕಣ್ಣು ಮುಚ್ಚಿದೆ.

"ಪಪ್ಪಾ, ಇಕಡೆ ದೇ ನಾ" ಎಂದು, ಇತ್ತ ಕೊಡೆನ್ನುತ್ತ, ಪಲ್ಲವಿ ಅದನ್ನು ಎತ್ತಿಕೊಂಡಳು. ಎಡಗೈಯಲ್ಲಿ. ಅವಳ ಹೆಬ್ಬೆರಳು ನೇರ ಆ ತಗ್ಗಿನೊಳಗೆ ಹೋಗಿ ಕೂತಿತು. ಹಗ್ಗಕ್ಕೆ ಸಿಗಿಸಿ ತನ್ನ ಕಡೆ ಸುಮ್ಮನೆ ಎಳೆದಳು, ಹಗ್ಗ ಎರಡಾಯಿತು. ಇನ್ನೊಂದು ಪೆಟ್ಟಿಗೆಗೆ ಹೋದಳು, ಅದೂ ಬಿಚ್ಚಿತು. "ಸೋಪಂ ಆಹೆ" ಎಂದು ನಕ್ಕಳು, ಸುಲಭ, ಇದೇನು ಮಹಾ ಎನ್ನುವಂತೆ.

ಶೆಟ್ಟರು, ಸುಭೇದಾರರು, ಪಾಟೀಲರು, ನಾನು, ಇಷ್ಟು ಮಂದಿ ಗಂಡಸರು ಅದನ್ನು ತಿರುಗಿಸಿ ಮುರುಗಿಸಿ ನೋಡಿದ್ದೆವು. ಒಬ್ಬರಿಗೂ ಅದನ್ನು ಎಡಗೈಯಲ್ಲಿ ಹಿಡಿಯಬೇಕೆಂದು ಹೊಳೆಯಲಿಲ್ಲ. ಎಡಗೈ ಯಾವ ಯಾವ ಕೆಲಸಕ್ಕೆಂದು ನಮಗೆಲ್ಲ ಚಿಕ್ಕಂದಿನಲ್ಲೇ ಕಲಿಸಿಟ್ಟಿರುತ್ತಾರೆ.

ಸುಮಂಗಲಾ, ನಾನು ಇಬ್ಬರೂ ಅವ್ವನತ್ತ ನೋಡಿದೆವು. ಇನ್ನು ಬೈಗುಳ ಬರುತ್ತದೆ, ಹುಡುಗಿ ಅಳುತ್ತಾಳೆ, ಹೊಸ ಮನೆಯಲ್ಲಿ ಮೊದಲ ಜಗಳ. ಅವ್ವ ಗೋಡೆ ಹಿಡಿದು ಪಲ್ಲವಿಯ ಹತ್ತಿರ ಬಂದಳು.

"ಉಂಗುರದಾಗ ಕಿರಿಬೆಳ್ಳ ಹಾಕ್ಕೋ" ಅಂದಳು. "ಅಂದ್ರ ಕೈ ಬಿಟ್ಟು ಹಾರಂಗಿಲ್ಲ."

ಪಲ್ಲವಿಗೆ ಅದು ತಿಳಿಯಲಿಲ್ಲ. ಅವ್ವ ಚಾಕುವನ್ನು ಇಸಿದುಕೊಂಡಳು, ತನ್ನ ಎಡಗೈಯಲ್ಲಿ. ಕಿರುಬೆರಳು ಉಂಗುರದೊಳಗೆ ಹೋಯಿತು, ಹೆಬ್ಬೆರಳು ತಗ್ಗಿಗೆ ಹೋಯಿತು. ಪಿಂಗಾಣಿ ಸಾಮಾನಿನ ಪೆಟ್ಟಿಗೆಯಿಂದ ಒಣಹುಲ್ಲಿನ ಒಂದು ಹಿಡಿ ಎಳೆದು, ನೆಲದ ಮೇಲೆ ಕಾಲು ಮಡಚಿ ಕೂತು ಕೊಯ್ಯತೊಡಗಿದಳು. ಸರ್ ಸರ್ ಎಂದು ಹುಲ್ಲಿನ ತುದಿಗಳು ಒಂದೇ ಅಳತೆಯಲ್ಲಿ ಪಕ್ಕಕ್ಕೆ ಬೀಳುತ್ತಿದ್ದವು. ಹುಲ್ಲು ಯಾವಾಗ ಮುಗಿಯಿತೋ ನಮಗೆ ತಿಳಿಯಲಿಲ್ಲ. ಮಂದ ಕೈಯವಳಾದ ನನ್ನ ಅವ್ವನಿಗೆ ಇಂಥ ಕೈಯೊಂದಿದೆಯೆಂದು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

"ಜ್ವಾಳದ ತೆನಿ ಹಿಂಗ ಕೊಯ್ತಿದ್ನಿ" ಅಂದಳು. "ಎಲ್ಲಾರ ಕುಡಗೋಲೂ ಬಲಗೈಯವು, ನಾ ಹಿಡದ್ರ ಜಾರ್ತಿತ್ತು. ನಮ್ಮಪ್ಪ ನನ್ನ ಕಂಬಾರನ ಹಂತ್ಯಾಕ ಕರ್ಕೊಂಡು ಹೋಗಿ, ಮಗಳ ಕೈ ನೋಡಿ ಮಾಡು ಅಂದ. ಅಂವ ನನ್ನ ಮುಷ್ಟ್ಯಾಗ ಹಸಿಮಣ್ಣು ಹಿಡಿಸಿ, ಅದರ ಅಚ್ಚು ನೋಡಿ ಈ ಹಿಡಿ ಕೆತ್ತಿದ. ಸುಗ್ಗ್ಯಾಗ ನನ್ನ ಸಾಲು ಹಿಡಿಯೋರು ಒಬ್ಬರೂ ಇದ್ದಿಲ್ಲ."

ಸುಮಂಗಲಾ ಅವ್ವನ ಎದುರಿಗೆ ಕೂತಳು. "ಮತ್ತ ನಿಮಗ ಹಿಂಗ ಇದ್ದ ಮ್ಯಾಲೆ, ಈ ಕೂಸಿಗೆ ಯಾಕ್ರಿ ಅತ್ತಿ ಇಷ್ಟು ತ್ರಾಸು ಕೊಟ್ರಿ?"

ಅವ್ವ ಎಡಗೈಯ ಬಳೆ ಸರಿಸಿ ಮುಂಗೈ ತೋರಿಸಿದಳು. ಅಲ್ಲಿ ಒಂದು ಹಳೆಯ ಸುಟ್ಟ ಕಲೆ. ಒಲೆಯ ಅಂಚು ತಾಗಿದ್ದೆಂದು ಆಕೆ ನಮಗೆ ಹೇಳುತ್ತ ಬಂದದ್ದು.

"ಹೊಸದಾಗಿ ಗಂಡನ ಮನಿಗೆ ನಡೀಲಿಕ್ಕೆ ಬಂದಾಗ ಎಡಗೈಲೆ ಬಡಿಸಿದೆ ಅಂತ ನಮ್ಮತ್ತಿ ಸೌಟು ಕಾಸಿ ಇಟ್ಲು. ಕೈ ಮ್ಯಾಲೆ ಕೂತು ಉಣ್ಣು ಅಂದ್ಲು." ಬಳೆಯನ್ನು ಮತ್ತೆ ಕಲೆಯ ಮೇಲೆ ಎಳೆದುಕೊಂಡು ಅಂದಳು, "ಈಕಿ ನಾಳೆ ಯಾರ ಮನಿಗೆ ಹೋಗ್ತಾಳೋ ಏನೋ. ಅವರು ಕಲಿಸೂದಕ್ಕಿಂತ ನಾ ಕಲಿಸಿದ್ರ ಮೆತ್ತಗ ಕಲಿಸ್ತೀನಿ ಅಂತ ಮಾಡಿದೆವಾ. ಸುಡಬಾರದು ಯಾರೂ ಈಕಿ ಕೈ."

ನಾವು ಭೂಪಟವೆಂದು ನಕ್ಕ ಆ ರೊಟ್ಟಿಗಳು, ನಡುಗುವ ರಂಗೋಲಿ, ಪಂಚೆಯ ಮೇಲೆ ಬಿದ್ದ ಸಾರು ನನಗೆ ನೆನಪಾದವು. ಒಂದು ಆಯುಷ್ಯವೆಲ್ಲ ಆಕೆ ತನ್ನದಲ್ಲದ ಕೈಯಲ್ಲಿ ಸಂಸಾರ ಮಾಡಿದ್ದಳು, ನಮಗೆಲ್ಲ ಉಣ್ಣಿಸಿದ್ದಳು.

ಸುಮಂಗಲಾ ಸೆರಗಿನಿಂದ ಮೂಗು ಒರೆಸಿಕೊಂಡು ಎದ್ದಳು. "ಪಲ್ಲವೀ, ಅಜ್ಜಿ ಟ್ರಂಕಿಂದೂ ಬಿಚ್ಚು" ಅಂದಳು.

"ಅದು ಇರ್ಲಿ ಬಿಡವಾ, ಹೆಂಗೂ ಹುಬ್ಬಳ್ಳಿಗೆ..." ಎಂದು ಅವ್ವ ರಾಗ ಎಳೆದಳು.

"ಹುಬ್ಬಳ್ಯಾಗ ಏನೈತ್ರಿ? ಬಿಚ್ಚ ಅಂದ್ನೆಲ್ಲ, ಬಿಚ್ಚು."

ಹಗ್ಗ ಬಿಚ್ಚಿತು. ತಾಟು ಹೊರಬಂದವು. ಬುತ್ತಿಯಲ್ಲಿ ರೊಟ್ಟಿ, ಶೇಂಗಾ ಚಟ್ನಿ, ಬಿಸಿಲಿಗೆ ಹುಳಿಯಾದ ಮೊಸರಿತ್ತು. ಪತ್ರಿಕೆ ಹಾಸಿಕೊಂಡು ಪೆಟ್ಟಿಗೆಗಳ ನಡುವೆಯೇ ಊಟಕ್ಕೆ ಕೂತೆವು. ಪಲ್ಲವಿ ಕೂತವಳೇ ರೂಢಿಯಂತೆ ಎಡಗೈಯನ್ನು ತೊಡೆಯ ಕೆಳಗೆ ಸೇರಿಸಿದಳು. ಅವ್ವ ಕೈಚಾಚಿ, ಏನೂ ಅನ್ನದೆ, ಅದನ್ನು ಹೊರಗೆ ಎಳೆದು ತಾಟಿನ ಹತ್ತಿರ ಇಟ್ಟಳು. ಹುಡುಗಿ ಯಾವ ಕೈಯಿಂದ ಉಂಡಳೆಂದು ಆ ದಿನ ನಾವ್ಯಾರೂ ನೋಡಲಿಲ್ಲ.

ನೋಡುತ್ತಿದ್ದವಳು ಪಲ್ಲವಿ. ತುತ್ತು ಬಾಯಲ್ಲಿಟ್ಟುಕೊಂಡೇ ಅಜ್ಜಿಯ ಕಡೆ ಬಾಗಿ ಸೆರಗು ಸರಿಸಿದಳು. ಅವ್ವ ಎಂದಿನಂತೆ ಬಲಕ್ಕೆ ವಾಲಿ ಕೂತಿದ್ದಳು. ಎಡಗೈ ಅವಳ ತೊಡೆಯ ಕೆಳಗಿತ್ತು.

"ಅಜ್ಜೀ, ತುಝಾ ಪಣ್ ಹಾತ್!" ಅಂದಳು ಪಲ್ಲವಿ. ಆಮೇಲೆ, ಅಜ್ಜಿಗೆ ತಿಳಿಯಲಿ ಎಂದು ಹರುಕು ಕನ್ನಡದಲ್ಲಿ, "ನಿಂದೂ ತೆಗಿ."

ಅವ್ವ ಕೈಯನ್ನು ಹೊರಗೆ ತೆಗೆದಳು. ಅದನ್ನು ಎಲ್ಲಿಡಬೇಕೆಂದು ಆಕೆಗೆ ತಿಳಿಯಲಿಲ್ಲ. ಮಡಿಲಲ್ಲಿಟ್ಟು ನೋಡಿದಳು, ನೆಲದ ಮೇಲಿಟ್ಟು ನೋಡಿದಳು. ಪಲ್ಲವಿ ತನ್ನ ತಾಟಿನಿಂದ ಒಂದು ತುಂಡು ರೊಟ್ಟಿ ಮುರಿದು, ಚಟ್ನಿ ಹಚ್ಚಿ ಆ ಕೈಯಲ್ಲಿಟ್ಟಳು. ಅವ್ವ ಒಮ್ಮೆ ಬಾಗಿಲ ಕಡೆ, ಒಮ್ಮೆ ನಮ್ಮೆಲ್ಲರ ಕಡೆ ನೋಡಿದಳು. ಆಮೇಲೆ ತಿಂದಳು.